ವಿಕ್ಟೋರಿಯಾ ಕಾಲದ ಪೇಂಟಿಂಗ್‌ನಲ್ಲಿರೋ ನಾಯಿನ ನೋಡೋದು ಹೇಗೆ

ಮೊದ್ಲು ನಾಯಿ ಮುಖಾನ ಒಂದು ಚೀಟಿಯಿಂದ ಮುಚ್ಚಿ. ತಮಾಷೆ ಅಲ್ಲ ಮಾರಾಯ್ರೇ, ಆ ಕಾಲದ ಇಂಗ್ಲಿಷ್ ಪೇಂಟರ್‌ಗಳು, ಅದ್ರಲ್ಲೂ ಎಡ್ವಿನ್ ಲ್ಯಾಂಡ್‌ಸೀರ್ (1802–1873), ನಾಯಿ ಕಣ್ಣಲ್ಲಿ ಮನುಷ್ಯರ ಭಾವನೆ ತುಂಬೋದ್ರಲ್ಲಿ ಪಳಗಿದವ್ರು, ಕಣ್ಣು ನೋಡಿದ್ರೆ ಕರಗಿ ಹೋಗ್ತೀವಿ, ಆಮೇಲೆ ಬೇರೇನೂ ಕಾಣಲ್ಲ. ಬಾಲ, ಬೆನ್ನು, ಕಾಲು, ಕಿವಿ ನೋಡ್ಕೊಂಡು ಮುಖಕ್ಕೆ ಕೊನೇಗೆ ಬನ್ನಿ.

ಶುರು ಮಾಡೋಕೆ ಅವನದೇ 1837ರ 'ದಿ ಓಲ್ಡ್ ಶೆಫರ್ಡ್ಸ್ ಚೀಫ್ ಮೌರ್ನರ್' ಒಳ್ಳೇದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂದು, ನೆಟ್‌ನಲ್ಲಿ ಸಿಗುತ್ತೆ. ಕುರಿ ಕಾಯೋ ಮುದುಕ ಸತ್ತಿದಾನೆ, ಅವನ ಶವಪೆಟ್ಟಿಗೆ ಮೇಲೆ ನಾಯಿ ಗದ್ದ ಇಟ್ಟಿದೆ. ಆದ್ರೆ ಬರೀ ಗದ್ದ ಇಟ್ರೆ ದುಃಖ ಅಂತ ಅಲ್ಲ, ನಮ್ಮ ಕಾರವಾರದ ಬೈತಖೋಲ ಬಂದರಲ್ಲಿ ಬಲೆ ರಾಶಿ ಮೇಲೆ ಗದ್ದ ಇಟ್ಕೊಂಡು ಬಿದ್ದಿರೋ ನಾಯಿಗೆ ಯಾರೂ ಸತ್ತಿರಲ್ಲ, ಬೋಟಿಂದ ಒಂದು ಬಂಗಡೆ ಬೀಳ್ಲಿ ಅಂತ ಕಾಯ್ತಿರುತ್ತೆ. ಹಾಗಾದ್ರೆ ದುಃಖ ಎಲ್ಲಿಂದ ಬಂತು? ಜೂಮ್ ಮಾಡಿ: ಎದೆ ಹಲಗೆಗೆ ಒತ್ತಿದೆ, ಪಂಜದ ಎಳೆತಕ್ಕೆ ಕಂಬಳಿ ಜಾರಿದೆ, ಬೈಬಲ್ ಮೇಲೆ ಅವನ ಕನ್ನಡಕ ಹಾಗೇ ಇದೆ. ಅರ್ಧ ಕೆಲಸ ನಾಯಿದು, ಇನ್ನರ್ಧ ರೂಮಿನ ಸಾಮಾನುಗಳದ್ದು.

ಆಮೇಲೆ ಡಾರ್ವಿನ್. ಪ್ರಾಣಿಗಳ ಭಾವನೆ ಬಗ್ಗೆ 1872ರಲ್ಲಿ ಬಂದ ಅವನ ಪುಸ್ತಕಕ್ಕೆ ಬ್ರಿಟನ್ ರಿವಿಯೇರ್ ಅನ್ನೋ ಪೇಂಟರ್ ನಾಯಿ ಚಿತ್ರ ಬರ್ಕೊಟ್ಟಿದ್ದ. ಒಂದ್ರಲ್ಲಿ ಜಗಳಕ್ಕೆ ಹೊರಟ ನಾಯಿ, ಬಾಲ ಮೇಲೆ, ಕಾಲು ಬಿಗಿ, ಕತ್ತಿನ ಕೂದ್ಲು ನಿಮಿರಿದೆ. ಇನ್ನೊಂದ್ರಲ್ಲಿ ಮುದ್ದಿಗೆ ಬಂದಿರೋದು, ಮೈಯೆಲ್ಲ ಬಾಗಿಸಿ ಕಿವಿ ಹಿಂದಕ್ಕೆ ಮಾಡ್ಕೊಂಡು. ಇವೆರಡನ್ನೂ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಇದೇ ಅಳತೆಗೋಲು. ಮಜಾ ಅಂದ್ರೆ ಐದು ವರ್ಷ ಬಿಟ್ಟು ಅದೇ ರಿವಿಯೇರ್ 'ಸಿಂಪಥಿ' ಬರೆದ, ಮೆಟ್ಟಿಲ ಮೇಲೆ ಬೇಜಾರಲ್ಲಿ ಕೂತ ಹುಡುಗಿ ಭುಜಕ್ಕೆ ತಲೆ ಒರಗಿಸಿರೋ ನಾಯಿ. ಡಾರ್ವಿನ್‌ಗೆ ಬರ್ಕೊಟ್ಟವನು ಮಾರೋ ಪೇಂಟಿಂಗ್‌ನಲ್ಲಿ ಎಷ್ಟು ಸಕ್ಕರೆ ಬೆರೆಸಿದಾನೆ ಅಂತ ನೀವೇ ಪಕ್ಕಪಕ್ಕ ಇಟ್ಟು ನೋಡಿ, ನನಗಂತೂ ಸ್ವಲ್ಪ ಜಾಸ್ತಿನೇ ಅನ್ಸುತ್ತೆ.

ಇಷ್ಟಾದ್ಮೇಲೆ ಬೆಳಿಗ್ಗೆ ಟಾಗೋರ್ ಬೀಚಿಗೆ ಹೋಗಿ, ಮಧ್ಯಾಹ್ನ ಬೇಡ, ಎಲ್ಲಾ ನೆರಳಲ್ಲಿ ಮಲಗಿರ್ತವೆ. ಒಂದು ಏರಿಯಾದ ನಾಯಿ ಇನ್ನೊಂದರ ಏರಿಯಾಕ್ಕೆ ಕಾಲಿಟ್ಟಾಗ ರಿವಿಯೇರ್‌ನ ಮೊದಲ್ನೇ ಚಿತ್ರ ಕಣ್ಣೆದುರಿಗೇ ಸಿಗುತ್ತೆ. ದೂರದಿಂದ್ಲೇ ನೋಡಿ, ದಿಟ್ಟಿಸಿ ನೋಡ್ಬೇಡಿ, ಮರಿ ಹಾಕಿದ ನಾಯಿ ಇದ್ರೆ ಆ ಕಡೆ ಹೋಗೋದೇ ಬೇಡ.