ಒಂದು ಹಗಲು, ಮೂರು ಫೆರಿ: ಬರ್ಗೆನ್‌ನಿಂದ ಓಲೆಸುಂಡ್‌ಗೆ ಕಾರಿನಲ್ಲಿ

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಇ39 ಹೆದ್ದಾರಿ ಹಿಡಿದು ಬರ್ಗೆನ್‌ನಿಂದ ಓಲೆಸುಂಡ್‌ಗೆ ಹೋದರೆ ದೂರ ನಾನೂರು ಕಿಲೋಮೀಟರಿಗೆ ತುಸು ಕಡಿಮೆ. ಹೆದ್ದಾರಿ ಎಂಬ ಹೆಸರು ನೋಡಿ ಮೋಸಹೋಗಬೇಡಿ. ಬಹುಪಾಲು ಎರಡೇ ಪಥ, ಕೆಲವೆಡೆ ನಡುಗೆರೆ ಎಳೆಯಲೂ ಜಾಗವಿಲ್ಲದಷ್ಟು ಕಿರಿದು. ಮೂರು ಕಡೆ ರಸ್ತೆ ನೀರಿನಂಚಿಗೆ ಬಂದು ನಿಂತುಬಿಡುತ್ತದೆ. ಮುಂದಿನ ದಾರಿ ಫೆರಿಯದು.

ಆ ಮೂರು ದಾಟುಗಳು ಇವು. ಸೋಗ್ನೆಫ್ಯೋರ್ಡಿನಲ್ಲಿ (ಫ್ಯೋರ್ಡ್ ಎಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲತೋಳು) ಒಪ್ಪೆಡಾಲ್‌ನಿಂದ ಲಾವಿಕ್‌ಗೆ ಸುಮಾರು 20 ನಿಮಿಷ. ನೂರ್‌ಫ್ಯೋರ್ಡಿನಲ್ಲಿ ಆಂಡಾದಿಂದ ಲೋಟೆಗೆ ಸುಮಾರು 10 ನಿಮಿಷ. ಕೊನೆಗೆ ಫೆಸ್ಟೋಯಾದಿಂದ ಸೂಲಾವೋಗೆನ್‌ಗೆ ಮತ್ತೆ ಸುಮಾರು 20. ಹಳೆಯ ನಕ್ಷೆಯಲ್ಲಿ ವೋಲ್ಡಾ ಹತ್ತಿರ ನಾಲ್ಕನೆಯದೊಂದು ಕಂಡರೆ ಗಾಬರಿ ಬೇಡ. 2012ರಲ್ಲಿ ಕ್ವಿವೆನ್ ಸುರಂಗದ ರಸ್ತೆ ತೆರೆದ ಮೇಲೆ ಇ39 ಆ ಫೆರಿಯನ್ನು ಬಿಟ್ಟು ಸುರಂಗದ ದಾರಿ ಹಿಡಿಯಿತು.

ಸಮಯದ ಲೆಕ್ಕ ಹಿಂದಿನ ರಾತ್ರಿಯೇ ಆಗಬೇಕು. ಊರಿನ ಹೊರಗೆ ಸಾಮಾನ್ಯ ವೇಗಮಿತಿ 80, ಊರೊಳಗೆ 50. ತಿರುವು, ಸುರಂಗ, ಮುಂದಿರುವ ಲಾರಿ ಎಲ್ಲ ಸೇರಿ ಗಂಟೆಗೆ 60 ಕಿ.ಮೀ. ಸರಾಸರಿ ಹಿಡಿಯಿರಿ. ಪ್ರತಿ ಫೆರಿಗೆ ಕಾಯುವುದು, ಹತ್ತುವುದು, ದಾಟುವುದು ಸೇರಿಸಿ 40 ನಿಮಿಷ ಇಡಿ. ಬೆಳಗ್ಗೆ ಎಂಟಕ್ಕೆ ಬರ್ಗೆನ್ ಬಿಟ್ಟರೆ ಹತ್ತರ ಸುಮಾರಿಗೆ ಒಪ್ಪೆಡಾಲ್, ಹನ್ನೊಂದೂವರೆಗೆ ಫೋರ್ಡೆ ಪಟ್ಟಣ. ಊಟ ಅಲ್ಲೇ ಮುಗಿಸಿ. ಎರಡು ಗಂಟೆಯ ಹೊತ್ತಿಗೆ ಆಂಡಾ, ನಾಲ್ಕೂವರೆಗೆ ಫೆಸ್ಟೋಯಾ, ಆರರೊಳಗೆ ಓಲೆಸುಂಡ್. ಡೀಸೆಲ್, ಪೆಟ್ರೋಲ್ ಕೂಡ ಫೋರ್ಡೆಯಲ್ಲೇ ತುಂಬಿಸಿ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಪೆಟ್ರೋಲ್ ಬಂಕ್ ಮಾತ್ರ ಗತಿ. ಹಳ್ಳಿಯ ಕೆಲವು ಬಂಕುಗಳಲ್ಲಿ ಆಳಿಲ್ಲ, ಯಂತ್ರವಷ್ಟೇ. ಕಾರ್ಡಿನ ಪಿನ್ ನೆನಪಿರಲಿ. ‘ಅನ್‌ಲೆಗ್ಸ್‌ಡೀಸೆಲ್’ ಎಂದು ಬರೆದ ಪಂಪು ಟ್ರ್ಯಾಕ್ಟರ್ ಮತ್ತು ಕಟ್ಟಡ ಕಾಮಗಾರಿ ಯಂತ್ರಗಳಿಗೆ. ಅದು ರಸ್ತೆ ಬಳಕೆಯ ತೆರಿಗೆಯಿಲ್ಲದ, ಬಣ್ಣ ಬೆರೆಸಿದ ಡೀಸೆಲ್. ಕಾರಿಗೆ ಹಾಕಿದರೆ ದಂಡ.

ಫೆರಿ ಹೊರಡುವ ಸಮಯ ಎನ್‌ಟೂರ್ ಆ್ಯಪ್‌ನಲ್ಲಿ ಸಿಗುತ್ತದೆ. ಜೆಟ್ಟಿಯಲ್ಲಿ ಅಂಟಿಸಿದ ಪಟ್ಟಿ ನೋಡುವವರಿಗೆ ಒಂದು ಗುಟ್ಟು ಗೊತ್ತಿರಬೇಕು: ವಾರದ ದಿನಗಳನ್ನು ಸೋಮವಾರದಿಂದ ಅಂಕಿಯಲ್ಲಿ ಎಣಿಸುತ್ತಾರೆ. ‘ಡಿಎಕ್ಸ್67’ ಎಂದಿದ್ದರೆ ಆರನೆಯ ಮತ್ತು ಏಳನೆಯ ದಿನ, ಅಂದರೆ ಶನಿವಾರ ಭಾನುವಾರ, ಬಿಟ್ಟು ಉಳಿದೆಲ್ಲ ದಿನ. ಇದನ್ನು ಗಮನಿಸದೆ ಭಾನುವಾರ ಬೆಳಗ್ಗೆ ಖಾಲಿ ಜೆಟ್ಟಿಯಲ್ಲಿ ನಿಲ್ಲುವವರು ಬಹಳ.

ಈ ಮೂರು ಫೆರಿಗಳಿಗೆ ಮುಂಗಡ ಬುಕಿಂಗ್ ಬೇಕಿಲ್ಲ. ಮೊದಲು ಬಂದವರಿಗೆ ಮೊದಲು ಜಾಗ. ಹಣವನ್ನೂ ಕೈಯಲ್ಲಿ ಕೊಡುವಂತಿಲ್ಲ. ಗಾಜಿಗೆ ಅಂಟಿಸಿದ ಆಟೋಪಾಸ್ ಎಂಬ ಎಲೆಕ್ಟ್ರಾನಿಕ್ ಸುಂಕದ ಬಿಲ್ಲೆಯನ್ನೋ ನಂಬರ್ ಪ್ಲೇಟನ್ನೋ ಓದಿಕೊಂಡು ದರ ಕಡಿತವಾಗುತ್ತದೆ. ದರ ವಾಹನದ ಉದ್ದದ ಮೇಲೆ: 6 ಮೀಟರ್ ಒಳಗೆ ಸಾಮಾನ್ಯ ಕಾರು, ಅದಕ್ಕಿಂತ ಉದ್ದವಾದರೆ ಮೇಲಿನ ದರ. ಟ್ರೇಲರ್ ಎಳೆಯುತ್ತಿದ್ದರೆ ಎರಡರ ಒಟ್ಟು ಉದ್ದ ಲೆಕ್ಕಕ್ಕೆ. ಬಾಡಿಗೆ ಕಾರಾದರೆ ಬಿಲ್ಲೆ ಇದೆಯೇ ಎಂದು ಕೌಂಟರಿನಲ್ಲೇ ಕೇಳಿ. ಇದ್ದರೆ ನೀವು ಮಾಡಬೇಕಾದ್ದು ಏನೂ ಇಲ್ಲ, ಮೊತ್ತ ಆಮೇಲೆ ನಿಮ್ಮ ಕಾರ್ಡಿಗೆ ಬರುತ್ತದೆ. ಸ್ವಂತ ಕಾರಿಗೆ ಬಿಲ್ಲೆ ಇಲ್ಲದಿದ್ದರೆ ಫೆರ್ಯೆಪೇ ಸೇವೆಯಲ್ಲಿ ನಂಬರ್ ಪ್ಲೇಟ್ ಮತ್ತು ಬ್ಯಾಂಕ್ ಕಾರ್ಡ್ ನೋಂದಾಯಿಸಿಡಿ. ರಸ್ತೆ ಸುಂಕದ ಕಮಾನುಗಳ ಕೆಳಗೆ ನಿಲ್ಲಬೇಡಿ, ನಿಧಾನಿಸಲೂ ಬೇಡಿ. ಅಲ್ಲಿ ಗೇಟೇ ಇಲ್ಲ.

ಜೆಟ್ಟಿಗೆ ಬಂದಾಗ ನೆಲದ ಮೇಲೆ ಸಾಲುಗಳಿಗೆ ಅಂಕಿ ಬರೆದಿರುತ್ತದೆ. ಫಲಕ ಸೂಚಿಸಿದ ಸಾಲಿಗೆ ಸೇರಿ, ಎಂಜಿನ್ ಆರಿಸಿ. ಹಡಗು ಕಂಡ ಕೂಡಲೇ ಕಾರಿನೊಳಗೆ ಬನ್ನಿ. ಹಡಗು ಖಾಲಿಯಾಗಿ ಮತ್ತೆ ತುಂಬುವುದು ಕೆಲವೇ ನಿಮಿಷಗಳ ಕೆಲಸ. ಶೌಚಾಲಯಕ್ಕೆ ಹೋದ ಚಾಲಕನಿಗಾಗಿ ಇಡೀ ಸಾಲು ಕಾಯುವುದಿಲ್ಲ, ಪಕ್ಕದ ಸಾಲು ಹತ್ತಿಬಿಡುತ್ತದೆ. ಕತ್ತಲಲ್ಲಿ ಹತ್ತುವಾಗ ಹೆಡ್‌ಲೈಟ್ ಆರಿಸಿ ಪಾರ್ಕಿಂಗ್ ದೀಪ ಮಾತ್ರ ಉಳಿಸಿ. ಇಲ್ಲದಿದ್ದರೆ ಕೈಸನ್ನೆ ಮಾಡುವ ಸಿಬ್ಬಂದಿಯ ಕಣ್ಣಿಗೆ ಬೆಳಕು ಹೊಡೆಯುತ್ತದೆ. ಸೇತುಹಲಗೆಯ ಮೇಲೆ ನಡಿಗೆಯ ವೇಗ ಸಾಕು. ಕಡಲ ನೀರು ಇಳಿದ ಹೊತ್ತಿನಲ್ಲಿ ಅದು ಕಡಿದಾಗಿ ಇಳಿಯುತ್ತದೆ, ಹಿಂಭಾಗ ಉದ್ದವಿರುವ ಕ್ಯಾಂಪರ್‌ಗಳ (ಒಳಗೇ ಮಲಗಿ ಅಡುಗೆ ಮಾಡುವ ವಾಹನಗಳ) ಅಡಿ ಉಜ್ಜುವುದು ಅಲ್ಲೇ. ಒಳಗೆ ಮುಂದಿನ ಕಾರಿನ ಹತ್ತಿರಕ್ಕೆ, ಸನ್ನೆ ತೋರಿದಷ್ಟು ಮುಂದೆ ಹೋಗಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಗೇರಿನಲ್ಲಿ ಅಥವಾ ‘ಪಿ’ಯಲ್ಲಿ ಬಿಡಿ. ಕ್ಯಾಂಪರ್ ಆದರೆ ಗ್ಯಾಸ್ ಕವಾಟ ಮುಚ್ಚಿ. ಅಲಾರಂಗೆ ವಾಲಿಕೆ ಅಳೆಯುವ ಸೆನ್ಸರ್ ಇದ್ದರೆ ಅದನ್ನು ನಿಲ್ಲಿಸಿ ಇಳಿಯಿರಿ, ಹಡಗು ತೂಗಿದರೂ ಅದು ಕಾರು ಕದ್ದಂತೆ ಕೂಗುತ್ತದೆ.

ಮೊದಲ ದಾಟಿನಲ್ಲಿ ಎಂಜಿನ್ ಸದ್ದು ಕೇಳಿಸದಿದ್ದರೆ ಆಶ್ಚರ್ಯವಿಲ್ಲ. ಬ್ಯಾಟರಿಯಲ್ಲೇ ಓಡುವ, 120 ಕಾರು ಹೊರುವ ‘ಆಂಪೇರ್’ 2015ರಲ್ಲಿ ಸಂಚಾರ ಆರಂಭಿಸಿದ್ದು ಇದೇ ಲಾವಿಕ್–ಒಪ್ಪೆಡಾಲ್ ನಡುವೆ. ಕ್ಯಾಂಟೀನ್ ಇರುವ ಫೆರಿಯಾದರೆ ‘ಸ್ವೆಲೆ’ ಕೇಳಿ: ಬೆಣ್ಣೆ ಸಕ್ಕರೆ ಸವರಿ, ಅಥವಾ ಕಂದು ಚೀಸ್ ಇಟ್ಟು ಮಡಚಿದ ದಪ್ಪನೆಯ ಪ್ಯಾನ್‌ಕೇಕ್. ಈ ಕರಾವಳಿಯ ಫೆರಿ ತಿಂಡಿ ಅದು. ಹತ್ತು ನಿಮಿಷದ ದಾಟಿನಲ್ಲಿ ಮಾತ್ರ ತಿಂಡಿಯ ಆಸೆ ಬಿಡಿ.

ಹೆಚ್ಚು ತಪ್ಪು ನಡೆಯುವುದು ನೀರಿನ ಮೇಲಲ್ಲ, ಇಳಿದ ಮೇಲೆ. ಐವತ್ತು ಅರವತ್ತು ವಾಹನ ಒಂದೇ ಗುಂಪಾಗಿ ಹೊರಬೀಳುತ್ತವೆ, ಊರಿನವರು ಮುನ್ನುಗ್ಗುತ್ತಾರೆ, ಹೊಸಬರು ಅವರ ವೇಗಕ್ಕೆ ಸಿಕ್ಕಿಬೀಳುತ್ತಾರೆ. ಇಳಿದ ಕೂಡಲೇ ಸಿಗುವ ತಂಗುಜಾಗದಲ್ಲಿ ಹತ್ತು ನಿಮಿಷ ನಿಂತರೆ ರಸ್ತೆ ನಿಮಗೊಬ್ಬರಿಗೇ ಉಳಿಯುತ್ತದೆ. ಜೆಟ್ಟಿ ಸಮೀಪಿಸುವಾಗ ಎದುರಿನಿಂದ ಸಾಲುಸಾಲಾಗಿ ಕಾರು ಬಂದರೆ ಹಡಗು ಈಗಷ್ಟೇ ಬಂದಿದೆ ಎಂದರ್ಥ. ಆಗ ವೇಗ ಹೆಚ್ಚಿಸುವ ಮನಸ್ಸಾಗುತ್ತದೆ, ಹೆಚ್ಚಿಸಬೇಡಿ: ತಪ್ಪಿದರೆ ಹಗಲಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೊಂದು ಬರುತ್ತದೆ, ಕ್ಯಾಮೆರಾಗೆ ಸಿಕ್ಕರೆ ದಂಡ ಸಾವಿರಾರು ಕ್ರೋನರ್. ಬೇಸಿಗೆಯ ಶುಕ್ರವಾರ ಮಧ್ಯಾಹ್ನ ಮತ್ತು ಭಾನುವಾರ ಸಂಜೆ ಮಾತ್ರ ಒಂದು ಫೆರಿ ತಪ್ಪುವುದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ.

ಕಿರಿದಾದ ಕಡೆ ನೀಲಿ ಫಲಕದಲ್ಲಿ ಬಿಳಿ ‘ಎಂ’ ಕಂಡರೆ ಅದು ಎದುರಾದವರಿಗೆ ದಾರಿ ಬಿಡುವ ಜಾಗ, ವಾಹನ ನಿಲ್ಲಿಸಿ ಫೋಟೊ ತೆಗೆಯುವುದಕ್ಕಲ್ಲ. ಹಗಲಲ್ಲೂ ಹೆಡ್‌ಲೈಟ್ ಕಡ್ಡಾಯ. ಹಳದಿ ವಜ್ರಾಕೃತಿಯ ಫಲಕವಿಲ್ಲದ ರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಊರೊಳಗಿನ ಸಣ್ಣ ಓಣಿಗೂ ಇದು ಅನ್ವಯ. ಮುಸ್ಸಂಜೆಯಲ್ಲಿ ಕೆಂಜಿಂಕೆಗಳು ರಸ್ತೆ ದಾಟುತ್ತವೆ. ಒಂದು ದಾಟಿದರೆ ಹಿಂದೆ ಇನ್ನೊಂದು ಇರುತ್ತದೆ.

ಹೊರಡುವ ಮುನ್ನ ರಸ್ತೆ ಇಲಾಖೆಯ 175ಕ್ಕೆ ಕರೆ ಮಾಡಿ ಫೆರಿ ಓಡುತ್ತಿದೆಯೇ ಕೇಳಿ. ಒಪ್ಪೆಡಾಲ್ ಫೆರಿ ನಿಂತಿದ್ದರೆ ಬದಲಿ ದಾರಿ ಇ16: ವೋಸ್ ಮೂಲಕ 24.5 ಕಿ.ಮೀ. ಉದ್ದದ ಲೆರ್‌ಡಾಲ್ ಸುರಂಗ ದಾಟಿ, ಫೋಡ್‌ನೆಸ್‌ನಿಂದ ಮನ್‌ಹೆಲ್ಲರ್‌ಗೆ ಫೆರಿ, ಅಲ್ಲಿಂದ ಸೋಗ್ನ್‌ಡಾಲ್ ದಾಟಿ ಸ್ಕೈನಲ್ಲಿ ಮತ್ತೆ ಇ39. ಇದನ್ನು ಬರ್ಗೆನ್‌ನಲ್ಲೇ ತೀರ್ಮಾನಿಸಬೇಕು. ಒಪ್ಪೆಡಾಲ್ ತಲುಪಿದ ಮೇಲೆ ಗೊತ್ತಾದರೆ ವಾಪಸ್ ಹೋಗಿ ಸುತ್ತುವಷ್ಟರಲ್ಲಿ ಹಗಲು ಮುಗಿದಿರುತ್ತದೆ.