ಮಗ ಇರೋ ಊರಿಗೆ ಉಗ್ರರು ನುಗ್ಗಿದ್ರಂತೆ ಅಂತ ಸುದ್ದಿ ಬಂದ್ರೆ ಏನ್ ಮಾಡ್ಬೇಕು

ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದ ಹೊರದೇಶಕ್ಕೆ ದುಡಿಯೋಕೆ ಹೋದ ಮಕ್ಕಳ ಮನೆಯವ್ರು ದಯವಿಟ್ಟು ಇದನ್ನ ಓದಿ.

ಒಂದು ಉದಾಹರಣೆ ನೋಡಿ: ಆಫ್ರಿಕಾದ ಮೊಜಾಂಬಿಕ್ ದೇಶದ ಪಾಲ್ಮಾ ಸಮುದ್ರ ದಂಡೆಯ ಸಣ್ಣ ಊರು, ಹತ್ರದಲ್ಲೇ ಟೋಟಲ್ ಕಂಪ್ನಿಯ ಗ್ಯಾಸ್ ಪ್ರಾಜೆಕ್ಟ್. 2021ರ ಮಾರ್ಚ್ 24ಕ್ಕೆ ಉಗ್ರರು ನುಗ್ಗಿದ್ರು, ಫೋನ್ ಸಂಪರ್ಕನೇ ಹೋಯ್ತು. ಅಮರೂಲಾ ಹೋಟೆಲಲ್ಲಿ ಸುಮಾರು 200 ಜನ ಸಿಕ್ಕಾಕ್ಕೊಂಡ್ರು, 26ಕ್ಕೆ 17 ಗಾಡೀಲಿ ಹೊರಟ್ರೆ ದಾರೀಲಿ ಹೊಂಚು ಹಾಕಿ ಗುಂಡು ಹಾರ್ಸಿದ್ರು, ಪಾರಾಗಿ ಬಂದಿದ್ದು 7 ಗಾಡಿ. ಸತ್ತವ್ರಲ್ಲಿ ಹೆಚ್ಚಿನವ್ರು ಆ ಊರಿನ ಜನಾನೇ, ಅದನ್ನ ಮರೀಬಾರ್ದು.

ಫೋನ್ ಸತ್ತ ಮೇಲೆ ಯಾವ ಮಾಹಿತೀನೂ ಸಿಗಲ್ಲ, ಹಾಗಾಗಿ ಹುಡುಗ ಹೊರಡೋಕೆ ಮುಂಚೆನೇ ಬರ್ದಿಟ್ಕೊಳ್ಳಿ: ಪಾಸ್‌ಪೋರ್ಟ್ ಜೆರಾಕ್ಸ್, ಕ್ಯಾಂಪ್ ಹೆಸ್ರು, ಜೊತೆಗಿರೋ ಇಬ್ರ ನಂಬರ್. ದೊಡ್ಡ ಕಂಪ್ನಿ ಹೆಸ್ರು ಎಲ್ರಿಗೂ ಗೊತ್ತಿರುತ್ತೆ, ಆದ್ರೆ ಸಂಬಳ ಕೊಡೋದು ಎಷ್ಟೋ ಸಲ ಬೇರೆ ಸಬ್ ಕಾಂಟ್ರಾಕ್ಟರ್, ಅವ್ನ ಆಫೀಸ್ ನಂಬರೇ ಮುಖ್ಯ. ಅಲ್ಲಿಗೆ ಹೋದ ತಕ್ಷಣ ಭಾರತದ ರಾಯಭಾರ ಕಚೇರೀಲಿ ಹೆಸ್ರು ನೋಂದಾಯಿಸೋಕೆ ಹೇಳಿ.

ಸುದ್ದಿ ಬಂದ ದಿನ ಮನೇಲಿ ಒಬ್ರೇ ಮಾತಾಡ್ಲಿ. ಅತ್ತೆ ಮಾವ ಚಿಕ್ಕಪ್ಪ ಅಂತ ಎಲ್ರೂ ಕಾಲ್ ಮಾಡಿದ್ರೆ ಅವನ ಬ್ಯಾಟರಿ ಖಾಲಿ, ಅಡಗಿರೋ ಜಾಗದಲ್ಲಿ ರಿಂಗ್ ಆದ್ರೆ ಪ್ರಾಣಕ್ಕೇ ಕುತ್ತು. "ಸೈಲೆಂಟಲ್ಲಿಡು, ಆದಾಗ ಒಂದ್ ಮೆಸೇಜ್ ಹಾಕು" ಅಂತ ಒಂದು ಎಸ್‌ಎಂಎಸ್ ಸಾಕು. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಕುಸಿದಾಗ ಫೋನ್ ಸಿಗ್ದೆ ಒದ್ದಾಡಿದ ನಮ್ಗೆ ಈ ಸಂಕಟ ಹೊಸದಲ್ಲ. ಅವ್ನೆಲ್ಲಿ ಅಡಗಿದಾನೆ ಅಂತ ಗ್ರೂಪಲ್ಲಿ ಖಂಡಿತ ಹಾಕ್ಬೇಡಿ, ಹೆಣದ ವಿಡಿಯೋ ಫಾರ್ವರ್ಡ್ ಮಾಡ್ಬೇಡಿ, ಅದು ಯಾರದೋ ಮನೆಯವ್ರ ದೇಹ. ರಾಯಭಾರ ಕಚೇರಿಗೆ ಫೋನ್ ಮಾಡಿ, ವಿದೇಶಾಂಗ ಇಲಾಖೆಯ ಮದದ್ ಪೋರ್ಟಲಲ್ಲೂ ದೂರು ಹಾಕಿ. ಪಾರಾದವ್ರ ಪಟ್ಟೀಲಿ ಹೆಸ್ರಿಲ್ಲ ಅಂತ ಕೈ ಚೆಲ್ಬೇಡಿ, ಪಾಲ್ಮಾದಲ್ಲಿ ಎಷ್ಟೋ ಜನ ಕಾಡಲ್ಲಿ ದಿನಗಟ್ಲೆ ನಡ್ದು ಬದುಕಿ ಬಂದ್ರು, ಇನ್ನೆಷ್ಟೋ ಜನ ದೋಣೀಲಿ ಪೆಂಬಾ ಪಟ್ಟಣ ಸೇರಿದ್ರು.

ಬಂದ್ಮೇಲಿನದು ನಮ್ಮೂರಲ್ಲಿ ಇನ್ನೂ ಕಷ್ಟ. ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗ್ಯೋವಾಗ ಗುಂಡು ಹಾರ್ಸ್ತೀವಿ, ತೋಟಕ್ಕೆ ಆನೆ ಬಂದ್ರೆ ಪಟಾಕಿ ಹೊಡೀತೀವಿ, ಆ ಸದ್ದಿಗೆ ಅವನು ಹೆದರಿ ಅಲ್ಲೇ ನೆಲಕ್ಕೆ ಬೀಳ್ಬೋದು. ಅಕ್ಕಪಕ್ಕದ ತೋಟದವ್ರಿಗೂ ಹೇಳಿಡಿ, ಗುಂಡು, ಪಟಾಕಿ ಹೊಡ್ಯೋಕೆ ಮುಂಚೆ ಒಂದ್ ಫೋನ್ ಮಾಡ್ಲಿ. ಗಂಡಸಾಗಿ ಹೆದರ್ತೀಯಾ ಅಂತ ಮಾತ್ರ ಯಾರೂ ಅನ್ಬೇಡಿ. ನೆಂಟ್ರು ಬಂದು ಕಥೆ ಕೇಳೋದನ್ನ ತಡೀರಿ, ಅವನಾಗೇ ಹೇಳಿದ್ರೆ ಕೂತು ಕೇಳಿ. ವಾರಗಟ್ಲೆ ನಿದ್ದೆ ಬರ್ದಿದ್ರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.