ಸಾಣೆಗೆ ಕೊಟ್ಟ ಕತ್ತಿ, ಬೋರ್‌ವೆಲ್ ನೀರಿನ ನೊರೆ

ಕತ್ತಿಯಲ್ಲಿ ಶೇವ್ ಮಾಡಿಕೊಳ್ಳೋಕೆ ಧೈರ್ಯ ಬೇಕು ಅಂತ ಎಲ್ಲರೂ ಹೆದರಿಸಿದರು. ಧೈರ್ಯ ನನ್ನ ಹತ್ತಿರ ಬೇಕಾದಷ್ಟಿತ್ತು. ಕೈಕೊಟ್ಟಿದ್ದು ಹರಿತ, ಆಮೇಲೆ ನೀರು.

ಮೊದಲ ಕತ್ತಿ ಸಿಕ್ಕಿದ್ದು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರ್‌ನಲ್ಲಿ. ಹಳೇ ಬೀಗ, ಓಡದ ಗಡಿಯಾರಗಳ ಮಧ್ಯೆ ಬಿದ್ದಿತ್ತು. ಅಲಗಿನ ಬುಡದಲ್ಲಿ ‘ಸೋಲಿಂಗನ್’ ಅಂತ ಮುದ್ರೆ. ಚಾಕು, ಕತ್ತಿಗಳಿಗೇ ಹೆಸರಾದ ಜರ್ಮನಿಯ ಊರು ಅದು. 500 ಹೇಳಿದವನು 300ಕ್ಕೆ ಕೊಟ್ಟ. ಮನೆಗೆ ತಂದವನು ಮಾಡಿದ ಮೊದಲ ಕೆಲಸವೇ ತಪ್ಪು: ರಸ್ತೆಯಲ್ಲಿ ಸಾಣೆ ಚಕ್ರ ಹೊತ್ತು ಸೈಕಲ್ ತುಳಿದುಕೊಂಡು ಬರುತ್ತಾರಲ್ಲ, ಅವರ ಕೈಗೆ ಕೊಟ್ಟೆ. ಕಿಡಿ ಹಾರುವುದನ್ನು ನೋಡಿ ಖುಷಿಪಟ್ಟೆ ಬೇರೆ! ಆ ಚಕ್ರ ಇರುವುದು ಈಳಿಗೆಮಣೆಗೆ, ಕತ್ತರಿಗೆ. ಕ್ಷೌರದ ಕತ್ತಿಯ ಅಂಚು ಬಲು ತೆಳು. ಬಿಸಿಯಾದರೆ ಉಕ್ಕು ಮೆತ್ತಗಾಗುತ್ತದೆ, ಮತ್ತೆ ಹರಿತ ನಿಲ್ಲುವುದಿಲ್ಲ. ಅಂಚು ನೀಲಿಗಟ್ಟಿತ್ತು. 300 ರೂಪಾಯಿ ಸುಮ್ನೆ ಹೋಯಿತು.

ಎರಡನೆಯದನ್ನು ನಾನೇ ಕಲ್ಲಿನ ಮೇಲೆ ಮಸೆದೆ. ಇದರಲ್ಲಿ ಒಂದು ಚಂದದ ಉಪಾಯ ಇದೆ. ಕತ್ತಿಯ ಬೆನ್ನು ಅಷ್ಟು ದಪ್ಪ ಯಾಕೆ ಅಂದರೆ, ಬೆನ್ನು ಮತ್ತು ಅಂಚು ಎರಡೂ ಕಲ್ಲಿಗೆ ತಾಗುವ ಹಾಗೆ ಮಲಗಿಸಿದರೆ ಕೋನ ತಾನಾಗೇ ಸರಿ ಬರುತ್ತದೆ, ನೀವು ಅಳೆಯಬೇಕಾಗಿಲ್ಲ. 1000 ನಂಬರ್ ಕಲ್ಲಿನಿಂದ ಶುರು, ಆಮೇಲೆ 5000, ಕೊನೆಗೆ 8000. ನಂಬರ್ ಏರಿದ ಹಾಗೆ ಕಲ್ಲು ನುಣುಪು. ನನಗೆ ಮೂರು ಸಂಜೆ ಹಿಡಿಯಿತು. ಪ್ರತಿ ಸಲ ಶೇವ್‌ಗೆ ಮುಂಚೆ ಚರ್ಮದ ಪಟ್ಟಿಯ ಮೇಲೆ ನಲವತ್ತು ಐವತ್ತು ಸಲ ಎಳೆಯಬೇಕು. ಬೆನ್ನು ಮುಂದೆ, ಅಂಚು ಹಿಂದೆ. ತಿರುಗಿಸುವುದೂ ಬೆನ್ನಿನ ಮೇಲೇ. ಅಂಚಿನ ಮೇಲೆ ತಿರುಗಿಸಿ ಮೊದಲ ದಿನವೇ ಪಟ್ಟಿ ಕೊಯ್ದುಕೊಂಡೆ.

ಇಷ್ಟಾದರೂ ಮುಖ ಉರಿ ಉರಿ. ಕೊನೆಗೆ ನಮ್ಮ ಬೀದಿ ಮೂಲೆಯ ಕಟಿಂಗ್ ಶಾಪ್‌ನವರನ್ನೇ ಕೇಳಿದೆ. ಅವರೂ ಈಗ ಬಳಸುವುದು ಬ್ಲೇಡನ್ನು ಅರ್ಧಕ್ಕೆ ಮುರಿದು ಸಿಕ್ಕಿಸುವ ಕತ್ತಿ, ಆದರೆ ಕಲಿತದ್ದು ಅಪ್ಪನ ಹಳೇ ಕತ್ತಿಯಲ್ಲಂತೆ. ನನ್ನ ಕೆನ್ನೆ ನೋಡಿ ನಕ್ಕುಬಿಟ್ಟರು.

“ನೀವು ಗಡ್ಡ ತೆಗೀತಾ ಇಲ್ಲ ಸಾರ್, ಕ್ಯಾರೆಟ್ ಹೆರೀತಾ ಇದ್ದೀರ. ಕತ್ತಿ ಒತ್ತಬೇಡಿ. ಇನ್ನೊಂದು ಕೈಲಿ ಚರ್ಮ ಎಳ್ಕೊಳ್ಳಿ, ಸಾಕು.”

ಆಮೇಲೆ ಕೇಳಿದರು, “ಮನೇಲಿ ಯಾವ ನೀರು?”

ಬೋರ್‌ವೆಲ್ ನೀರು. ಬಕೆಟ್‌ಗೆಲ್ಲ ಬಿಳಿ ಕಲೆ ಹಿಡಿಸುವ ಗಡಸು ನೀರು. ಅದರಲ್ಲಿ ಸೋಪು ನೊರೆಯಾಗುವ ಬದಲು ಒಡೆದ ಹಾಲಿನಂತೆ ಜಿಡ್ಡುಜಿಡ್ಡಾಗುತ್ತದೆ, ಎರಡು ನಿಮಿಷಕ್ಕೆ ಮುಖದ ಮೇಲೇ ಒಣಗುತ್ತದೆ, ಒಣಗಿದ ಕಡೆ ಕತ್ತಿ ಜಾರುವುದಿಲ್ಲ, ತಡೆಯುತ್ತದೆ, ತಡೆದಾಗ ಕೈ ಒತ್ತುತ್ತದೆ, ಅಲ್ಲಿಗೆ ರಕ್ತ. ಮರುದಿನ ಒಂದು ಲೋಟ ಕಾವೇರಿ ನೀರು ಬಿಸಿ ಮಾಡಿಕೊಂಡೆ. ನೊರೆ ಮೊಸರಿನ ಹಾಗೆ ಗಟ್ಟಿಯಾಗಿ ನಿಂತಿತು. ಕತ್ತಿಯನ್ನು ಸುಮಾರು 30 ಡಿಗ್ರಿ ಓರೆ ಹಿಡಿದು, ಕಿವಿಯ ಪಕ್ಕದಿಂದ ಕೂದಲು ಬೆಳೆದ ದಿಕ್ಕಿಗೇ ಇಳಿಸಿದೆ. ಸರ್ರ್ ಅಂತ ಸಣ್ಣ ಸದ್ದು. ಆ ಸದ್ದು ಅದುವರೆಗೆ ನಾನು ಕೇಳಿರಲೇ ಇಲ್ಲ.

ಮೊದಲ ಎರಡು ವಾರ ಕೆನ್ನೆ ಮಾತ್ರ ಕತ್ತಿಯಲ್ಲಿ, ಉಳಿದದ್ದು ಮಾಮೂಲಿ ರೇಜರ್‌ನಲ್ಲಿ. ಕತ್ತು ಆಮೇಲೆ ಬಂತು. ಎಡಗೆನ್ನೆಗೆ ಎಡಗೈ ಅಭ್ಯಾಸ ಮಾಡಿಕೊಂಡಿದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಸ್ವಂತ ಮೊಣಕೈಯೇ ಕನ್ನಡಿಗೆ ಅಡ್ಡ. ಗ್ರಂದಿಗೆ ಅಂಗಡಿಯ ಪಟಿಕದ ತುಂಡು ಪಕ್ಕದಲ್ಲೇ ಇರಲಿ, ಸಣ್ಣ ಗಾಯಕ್ಕೆ ಒದ್ದೆ ಮಾಡಿ ಒತ್ತಿದರೆ ರಕ್ತ ನಿಲ್ಲುತ್ತದೆ. ಚುರ್ ಅನ್ನುತ್ತದೆ, ಅಷ್ಟೇ.

ಮುಗಿದ ಮೇಲೆ ಒರೆಸಿ, ಒಂದು ಹನಿ ಎಣ್ಣೆ ಸವರಿ, ಬಚ್ಚಲಿನಲ್ಲಿ ಬಿಡದೆ ಬೀರುವಿನಲ್ಲಿಡುತ್ತೇನೆ. ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕಿನ ಚುಕ್ಕಿ ಬಂದದ್ದುಂಟು. ಆಫೀಸಿರುವ ದಿನ ಈಗಲೂ ಕತ್ತಿ ಮುಟ್ಟುವುದಿಲ್ಲ, ಭಾನುವಾರ ಮಾತ್ರ. ಮೂಗಿನ ಕೆಳಗಿನ ಜಾಗ ಇನ್ನೂ ಬಗ್ಗಿಲ್ಲ. ಇವತ್ತೂ ಅಲ್ಲಿ ಒಂದು ಗೀರು ಇದೆ.